ಪುಕ್ಕಟೆ ವೈಫೈ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ: ಆಡಳಿತಗಾರರಿಗೂ ನಿಯಂತ್ರಕರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಲ್ದಾಣ, ಗ್ರಂಥಾಲಯ, ಆಸ್ಪತ್ರೆ, ಮಾರುಕಟ್ಟೆಗಳ ಆಡಳಿತ ನೋಡಿಕೊಳ್ಳುವವರಿಗೆ ಮತ್ತು ದೂರಸಂಪರ್ಕ ನಿಯಂತ್ರಣದ ಹೊಣೆ ಹೊತ್ತವರಿಗೆ ಈ ಪತ್ರ. 'ನೀವು ಬಿಡಿಗಾಸೂ ಕೊಡಬೇಕಾಗಿಲ್ಲ, ಜಾಗ ಮತ್ತು ಕರೆಂಟು ಕೊಟ್ಟರೆ ಸಾಕು, ಜಾಹೀರಾತಿನ ದುಡ್ಡಿನಲ್ಲೇ ಎಲ್ಲರಿಗೂ ವೈಫೈ ಕೊಡುತ್ತೇವೆ' ಎನ್ನುವ ಪ್ರಸ್ತಾವ ಇಂದಲ್ಲ ನಾಳೆ ನಿಮ್ಮ ಮೇಜಿಗೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ಇದು ಶುರುವಾದರೆ ಕೈಯಲ್ಲಿ ಕಾಸಿಲ್ಲದವರು ಡೇಟಾ ಪ್ಯಾಕ್ ಹಾಕಿಸಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಮೊದಲನೆಯದನ್ನು ಷರತ್ತು ಹಾಕಿ ಒಪ್ಪಬಹುದು. ಎರಡನೆಯದನ್ನು ಒಪ್ಪಲೇಬೇಡಿ. ಸಾರ್ವಜನಿಕ ವೈರ್‌ಲೆಸ್ ಜಾಲಗಳನ್ನು ಕಟ್ಟುವ, ಕೆಟ್ಟಾಗ ಏಣಿ ಹತ್ತುವ ಕೆಲಸದವರು ನಾವು. ಆ ಷರತ್ತುಗಳು ಏನಿರಬೇಕು, ಯಾಕಿರಬೇಕು ಎಂಬುದನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ ಎಂದುಕೊಂಡಿದ್ದೇವೆ.

ಮೊದಲು ದುಡ್ಡಿನ ವಿಷಯ. ಜಾಹೀರಾತುದಾರ ಬೆಲೆ ಕೊಡುವುದು ಕೊಳ್ಳುವ ಶಕ್ತಿ ಇರುವವರ ನೋಟಕ್ಕೆ. ಅಂಥವರ ಫೋನಿನಲ್ಲಿ ಆಗಲೇ ಡೇಟಾ ಇರುತ್ತದೆ. ನಂಬರ್ ಕೊಟ್ಟು, ಓಟಿಪಿ ಹಾಕಿ, ವಿಡಿಯೋ ನೋಡಿ ವೈಫೈ ಸೇರುವ ಗೋಜಿಗೆ ಅವರು ಹೋಗುವುದಿಲ್ಲ. ಸೇರುವವರು ಪ್ಯಾಕ್ ಮುಗಿದವರು, ಹಾಕಿಸಿಕೊಳ್ಳಲಾಗದವರು. ಅವರ ನೋಟಕ್ಕೆ ಜಾಹೀರಾತು ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ. ಅಂದರೆ ಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಂದಲೇ ಆದಾಯ ಕಡಿಮೆ ಹುಟ್ಟುತ್ತದೆ. ಮೊಬೈಲ್ ಡೇಟಾ ಅಗ್ಗವಾದಷ್ಟೂ ಉಳ್ಳವರು ವೈಫೈ ಬಿಡುತ್ತಾರೆ, ಉಳಿದವರ ತಲೆಯ ಮೇಲೆ ಜಾಹೀರಾತಿನ ಹೊರೆ ಏರುತ್ತದೆ.

ಹಿಂದೆ ಆಗಿರುವುದೂ ಇದೇ. ಅಮೆರಿಕದ ಹಲವು ಊರುಗಳಲ್ಲಿ ಜಾಹೀರಾತನ್ನೇ ನಂಬಿ ಪುಕ್ಕಟೆ ವೈಫೈ ಹರಡಿದ್ದ ಮೆಟ್ರೋಫೈ 2008ರಲ್ಲಿ ಬಾಗಿಲು ಹಾಕಿತು. ಬ್ರಿಟನ್ನಿನಲ್ಲಿ ಬ್ಲಿಕ್ ಎಂಬ ಮೊಬೈಲ್ ಸೇವೆ 2007ರಲ್ಲಿ ಶುರುವಾಗಿ, 16ರಿಂದ 24 ವರ್ಷದವರಿಗೆ ಜಾಹೀರಾತು ಸಂದೇಶ ಕಳಿಸುವ ಬದಲಿಗೆ ಉಚಿತ ಕರೆ, ಉಚಿತ ಎಸ್‌ಎಂಎಸ್ ಕೊಟ್ಟಿತು. ಜಾಹೀರಾತುದಾರರು ಬಯಸುವ ವಯಸ್ಸಿನವರನ್ನೇ ಆರಿಸಿಕೊಂಡಿದ್ದರೂ 2009ರಲ್ಲಿ ಅಲ್ಲಿನ ಸೇವೆ ನಿಂತಿತು. ಭಾರತದ ರೈಲು ನಿಲ್ದಾಣಗಳಲ್ಲಿ 2016ರ ಜನವರಿಯಲ್ಲಿ ಮುಂಬೈ ಸೆಂಟ್ರಲ್‌ನಿಂದ ಆರಂಭವಾದ ಗೂಗಲ್ ಸ್ಟೇಷನ್ ಎಂಬ ಉಚಿತ ವೈಫೈ ಯೋಜನೆ 2018ರ ಹೊತ್ತಿಗೆ 400 ನಿಲ್ದಾಣ ದಾಟಿತ್ತು. 2020ರ ಫೆಬ್ರವರಿಯಲ್ಲಿ ಯೋಜನೆ ಮುಗಿಸುವುದಾಗಿ ಗೂಗಲ್ ಹೇಳಿತು. ಮೊಬೈಲ್ ಡೇಟಾ ಅಗ್ಗವಾಗಿದೆ ಎನ್ನುವುದು ಅದು ಕೊಟ್ಟ ಕಾರಣಗಳಲ್ಲಿ ಒಂದು. ಆದರೂ ಆ ನಿಲ್ದಾಣಗಳಲ್ಲಿ ವೈಫೈ ನಿಲ್ಲಲಿಲ್ಲ. ಫೈಬರ್ ರೈಲ್ವೆಯ ದೂರಸಂಪರ್ಕ ಕಂಪನಿ ರೈಲ್‌ಟೆಲ್‌ನದಾಗಿತ್ತು, ಅದು ಸೇವೆ ಮುಂದುವರಿಸಿತು. ಆದ್ದರಿಂದ ಕೇಬಲ್, ಕಂಬ, ಸ್ವಿಚ್‌ಗಳ ಒಡೆತನ ನಿಮ್ಮ ಹೆಸರಿನಲ್ಲೇ ಇರಲಿ. ಕಂಪನಿ ಎದ್ದು ಹೋದ ದಿನ ಗೋಡೆಯ ಮೇಲೆ ಏನು ಉಳಿಯುತ್ತದೆ ಎಂಬುದನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ. ಜಾಲದ ಹೆಸರೂ ನಿಮ್ಮದೇ ಆಗಿರಲಿ. ಒಮ್ಮೆ ಸೇರಿದ ಫೋನು ಆ ಹೆಸರನ್ನು ನೆನಪಿಟ್ಟುಕೊಂಡು ಮುಂದೆ ತಾನಾಗಿಯೇ ಸೇರುತ್ತದೆ. ಸೇವೆ ನಿಂತ ಮೇಲೆ ಅದೇ ಹೆಸರಿನ ಹಾಟ್‌ಸ್ಪಾಟ್ ಯಾರು ಹಚ್ಚಿಟ್ಟರೂ ಫೋನುಗಳು ಅದಕ್ಕೆ ಹೋಗಿ ಅಂಟಿಕೊಳ್ಳುತ್ತವೆ.

ಇನ್ನು ಜಾಹೀರಾತಿನ ತೂಕ. ಒಪ್ಪಂದಗಳಲ್ಲಿ ಇದನ್ನು ಬರೆಯುವವರೇ ಇಲ್ಲ, ಆದರೆ ಜಾಲ ಕುಸಿಯುವುದು ಇಲ್ಲೇ. 15 ಸೆಕೆಂಡಿನ ಒಂದು ವಿಡಿಯೋ, ಸೆಕೆಂಡಿಗೆ 1.5 ಮೆಗಾಬಿಟ್ ಗುಣಮಟ್ಟದ್ದು ಎಂದುಕೊಳ್ಳಿ. ಅದು 22.5 ಮೆಗಾಬಿಟ್, ಅಂದರೆ ಸುಮಾರು 2.8 ಎಂಬಿ. ರೈಲೋ ಬಸ್ಸೋ ಬಂದು ನಿಂತಾಗ 300 ಜನ ಒಟ್ಟಿಗೆ ಲಾಗಿನ್ ಆದರೆ 6,750 ಮೆಗಾಬಿಟ್. ಹೊರಗಿನ ಲೈನು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇದ್ದರೆ, ಬೇರೆ ಯಾರೂ ಏನೂ ಮಾಡದಿದ್ದರೂ, ಜಾಹೀರಾತು ಇಳಿಯುವುದಕ್ಕೇ 67 ಸೆಕೆಂಡು ಇಡೀ ಲೈನು ಮೀಸಲು. ಅಷ್ಟರಲ್ಲಿ ಅರ್ಧ ಜನ ತಾಳ್ಮೆಗೆಟ್ಟು ಮತ್ತೆ ಒತ್ತುತ್ತಾರೆ, ವಿಡಿಯೋ ಮೊದಲಿನಿಂದ ಶುರುವಾಗುತ್ತದೆ, ಹೊರೆ ಇನ್ನೂ ಏರುತ್ತದೆ. ಅದೇ ಜಾಗದಲ್ಲಿ 50 ಕೆಬಿಯ ಒಂದು ಚಿತ್ರ ಇಟ್ಟರೆ 300 ಜನಕ್ಕೆ ಒಟ್ಟು 15 ಎಂಬಿ. ಒಂದೂಕಾಲು ಸೆಕೆಂಡಿನೊಳಗೆ ಕೆಲಸ ಮುಗಿಯಿತು. ವಿಡಿಯೋವೇ ಬೇಕೆಂದು ಕಂಪನಿ ಹಟ ಹಿಡಿದರೆ, ಅದನ್ನು ಸ್ಥಳದಲ್ಲಿರುವ ಗೇಟ್‌ವೇಯಲ್ಲೇ (ವೈಫೈಯನ್ನು ಹೊರಗಿನ ಲೈನಿಗೆ ಜೋಡಿಸುವ ಪೆಟ್ಟಿಗೆ) ಇರಿಸಿ ಅಲ್ಲಿಂದ ತೋರಿಸಲಿ. ಹೊರಗಿನ ಲೈನು ಉಳಿಯುತ್ತದೆ. ಗಾಳಿಯ ಮೇಲಿನ, ಅಂದರೆ ವೈಫೈಯ ರೇಡಿಯೋ ಅಲೆಗಳ ಮೇಲಿನ, ಹೊರೆ ಮಾತ್ರ ಆಗಲೂ ತಪ್ಪದು, ಹಾಗಾಗಿ ನಮ್ಮ ಸಲಹೆ ಚಿತ್ರವೇ. ಲಾಗಿನ್ ಪುಟದ ಒಟ್ಟು ತೂಕ, ಜಾಹೀರಾತು ಸೇರಿ, 200 ಕೆಬಿ ಮೀರಬಾರದು ಎಂದು ಒಪ್ಪಂದದಲ್ಲಿ ಅಂಕಿಯಲ್ಲೇ ಬರೆಯಿಸಿ. 'ಹಗುರವಾಗಿರಬೇಕು' ಎಂದರೆ ಯಾರಿಗೂ ಯಾವ ಕಟ್ಟುಪಾಡೂ ಇಲ್ಲ.

ಲಾಗಿನ್ ಪುಟ ಹೇಗೆ ಬರುತ್ತದೆ ಎಂಬುದನ್ನೂ ನೀವು ತಿಳಿದಿರಬೇಕು, ಏಕೆಂದರೆ ಅತಿ ಹೆಚ್ಚು ದೂರು ಬರುವುದು ಈ ಹಂತದಲ್ಲಿ. ವೈಫೈ ಸೇರಿದ ಕೂಡಲೇ ಫೋನು ಸಾಮಾನ್ಯವಾಗಿ ತನ್ನ ತಂತ್ರಾಂಶ ತಯಾರಿಸಿದ ಕಂಪನಿಯ ಒಂದು ಗೊತ್ತಾದ ವಿಳಾಸಕ್ಕೆ ಸಣ್ಣ ಕರೆ ಕಳಿಸುತ್ತದೆ. ಆಂಡ್ರಾಯ್ಡ್ ಅಲ್ಲಿಂದ 204 ಎಂಬ ಖಾಲಿ ಉತ್ತರ ಬರಲಿ ಎಂದು ಕಾಯುತ್ತದೆ. ಐಫೋನು 'ಸಕ್ಸೆಸ್' ಎಂಬ ಪದ ಬರಲಿ ಎಂದು ಕಾಯುತ್ತದೆ. ಅದರ ಬದಲು ಬೇರೇನೋ ಬಂದರೆ 'ಇಲ್ಲಿ ಲಾಗಿನ್ ಬೇಕು' ಎಂದು ತಿಳಿದು ಪುಟ ತೆರೆಯುತ್ತದೆ. ಈಗ ಜಾಹೀರಾತು ಇಲ್ಲಿ ಏನು ಕೆಡಿಸುತ್ತದೆ ನೋಡಿ. ಲಾಗಿನ್‌ಗೆ ಮುಂಚೆಯೇ ಜಾಹೀರಾತು ಕಾಣಬೇಕಾದ್ದರಿಂದ, ಜಾಹೀರಾತು ಸರ್ವರ್‌ಗಳ ವಿಳಾಸಗಳನ್ನು ಮೊದಲೇ ತೆರೆದಿಡುತ್ತಾರೆ. ಒಂದೊಂದಾಗಿ ಬರೆಯಲು ಬೇಸರಪಟ್ಟು ಇಡೀ ಡೊಮೇನನ್ನೇ (ಒಂದು ಮೂಲ ಹೆಸರಿನಡಿಯ ಎಲ್ಲ ವಿಳಾಸಗಳನ್ನೂ) ತೆರೆದುಬಿಡುತ್ತಾರೆ. ಆಂಡ್ರಾಯ್ಡಿನ ಪರೀಕ್ಷಾ ವಿಳಾಸವೂ ಅದೇ ಡೊಮೇನಿನಲ್ಲಿದ್ದರೆ 204 ಉತ್ತರ ಸಲೀಸಾಗಿ ಬರುತ್ತದೆ, ನೆಟ್ ಇದೆ ಎಂದು ಫೋನು ನಂಬುತ್ತದೆ, ಲಾಗಿನ್ ಪುಟ ತೆರೆಯುವುದೇ ಇಲ್ಲ. ಬಳಸುವವರಿಗೆ ಕಾಣುವುದು ಪೂರ್ತಿ ಸಿಗ್ನಲ್, ಆದರೆ ಏನೂ ನಡೆಯದ ನೆಟ್. ತೆರೆದಿಟ್ಟ ವಿಳಾಸಗಳ ಪಟ್ಟಿಯನ್ನು ತರಿಸಿಕೊಂಡು ಓದಿ. ಅದರಲ್ಲಿ ನಕ್ಷತ್ರ ಚಿಹ್ನೆಯಿಂದ (ಇಡೀ ಡೊಮೇನ್ ಎಂದು ಅರ್ಥ) ಶುರುವಾಗುವ ಸಾಲುಗಳಿದ್ದರೆ ಕಾರಣ ಕೇಳಿ.

ಬಳಕೆದಾರರ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ (ಡಿಎನ್‌ಎಸ್ ಎಂದರೆ ತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ವ್ಯವಸ್ಥೆ) ಒಂದು ನಿರ್ದಿಷ್ಟ ಸರ್ವರ್‌ಗೆ ಕಟ್ಟಿದ್ದರೆ, ಅಥವಾ ಸಂಚಾರವನ್ನೆಲ್ಲ ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಸದಾ ಚಾಲೂ ಇದ್ದರೆ, ಆಗಲೂ ಕೆಲವೊಮ್ಮೆ ಪುಟ ಬರುವುದಿಲ್ಲ. ತಾತ್ಕಾಲಿಕವಾಗಿ ಅವನ್ನು ಆಫ್ ಮಾಡಿ, ಲಾಗಿನ್ ಆಗಿ, ಮತ್ತೆ ಆನ್ ಮಾಡಬೇಕು. ಈ ಎರಡು ಸಾಲನ್ನು ಫಲಕದಲ್ಲಿ ಬರೆದು ಅಂಟಿಸಿದರೆ ಸಹಾಯ ಕೇಂದ್ರದ ಅರ್ಧ ಕೆಲಸ ಇಳಿಯುತ್ತದೆ. ಲಾಗಿನ್ ಪುಟದ ವಿಳಾಸವನ್ನು ಜಾಲವೇ ಫೋನಿಗೆ ನೇರವಾಗಿ ತಿಳಿಸುವ ಒಂದು ಮಾನಕವೂ ಇದೆ: 2020ರ ಆರ್‌ಎಫ್‌ಸಿ 8910, ಫೋನಿಗೆ ಜಾಲದ ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯ 114ನೇ ಆಯ್ಕೆ. ಗೇಟ್‌ವೇ ಅದನ್ನು ಬೆಂಬಲಿಸಬೇಕೆಂದು ಟೆಂಡರಿನಲ್ಲೇ ಸೇರಿಸಿ.

ಓಟಿಪಿ ಇದಕ್ಕಿಂತ ದೊಡ್ಡ ತೊಡಕು. ಓಟಿಪಿ ಬರುವುದು ಮೊಬೈಲ್ ಜಾಲದ ಮೂಲಕ. ವ್ಯಾಲಿಡಿಟಿ ಮುಗಿದ ಸಿಮ್‌ಗೆ ಕೆಲವು ಸೇವೆಗಳಲ್ಲಿ ಸ್ವಲ್ಪ ದಿನದ ಮೇಲೆ ಒಳಬರುವ ಎಸ್‌ಎಂಎಸ್ಸೂ ನಿಲ್ಲುತ್ತದೆ. ನೆಲಮಾಳಿಗೆಯ ವಾರ್ಡಿನಲ್ಲಿ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಸಿಮ್ ಇಲ್ಲದ ಟ್ಯಾಬ್ಲೆಟ್, ಲ್ಯಾಪ್‌ಟಾಪ್‌ಗಳ ಮಾತು ಹೇಳುವುದೇ ಬೇಡ. ಮೊಬೈಲ್ ಡೇಟಾಕ್ಕೆ ಬದಲಿ ಎಂದು ಕರೆದ ಸೇವೆ, ಒಳಗೆ ಬಿಡಲು ಮೊಬೈಲ್ ಸಂಪರ್ಕವನ್ನೇ ಕೇಳುತ್ತದೆ! ಗುರುತು ದಾಖಲಿಸಲೇಬೇಕೆಂದು ಕಾನೂನು ಹೇಳುವ ಕಡೆ ಕೌಂಟರಿನಲ್ಲಿ ಗುರುತುಚೀಟಿ ನೋಡಿ ಕೋಡ್ ಮುದ್ರಿಸಿದ ಚೀಟಿ ಕೊಡುವ ದಾರಿ ಇರಲಿ. ಕಾನೂನು ಕೇಳದ ಕಡೆ 'ಒಪ್ಪಿದೆ' ಎಂಬ ಒಂದು ಗುಂಡಿ ಸಾಕು. ನಂಬರ್ ಕೇಳುವುದು ಜಾಹೀರಾತುದಾರನ ಅನುಕೂಲಕ್ಕೆ ಮಾತ್ರ.

ಆ ಅನುಕೂಲ ಯಾಕೆ ಬೇಕಾಯಿತು ಎಂಬುದಕ್ಕೂ ತಾಂತ್ರಿಕ ಕಾರಣವಿದೆ. ಮೊದಲು ಫೋನಿನ ಮ್ಯಾಕ್ ವಿಳಾಸ (ಅದರ ವೈಫೈ ಯಂತ್ರಾಂಶದ ಗುರುತು ಸಂಖ್ಯೆ) ನೋಡಿಯೇ ಒಬ್ಬರನ್ನು ಮತ್ತೆ ಮತ್ತೆ ಗುರುತಿಸಬಹುದಿತ್ತು. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಪ್ರತಿ ಜಾಲಕ್ಕೂ ಬೇರೆ ಬೇರೆ ಹುಸಿ ವಿಳಾಸ ಹೋಗುತ್ತದೆ. ಹಾಗಾಗಿ ಫೋನ್ ನಂಬರ್, ಇಮೇಲ್, ಆ್ಯಪ್ ಎಂದು ಒತ್ತಾಯ ಶುರುವಾಯಿತು. ಫೋನು ಮತ್ತು ತಾಣದ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಮುಚ್ಚುವ ಎಚ್‌ಟಿಟಿಪಿಎಸ್ ಇರುವುದರಿಂದ ಪುಟದ ಒಳಗೆ ಏನಿದೆ ಎಂಬುದು ಜಾಲ ನಡೆಸುವವರಿಗೆ ಕಾಣದು, ಪುಟದ ನಡುವೆ ಜಾಹೀರಾತು ತುರುಕಲೂ ಆಗದು. ಆದರೆ ಯಾವ ತಾಣಕ್ಕೆ ಹೋದಿರಿ ಎಂಬುದು ಡಿಎನ್‌ಎಸ್ ಪ್ರಶ್ನೆಗಳಿಂದ ಸಾಮಾನ್ಯವಾಗಿ ತಿಳಿಯುತ್ತದೆ. ನಂಬರಿಗೆ ಅದನ್ನು ಜೋಡಿಸಿದರೆ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕುಳಿತವರು ಯಾವ ಕಾಯಿಲೆಯ ತಾಣ ನೋಡಿದರು ಎಂಬ ಪಟ್ಟಿಯೇ ತಯಾರಾಗುತ್ತದೆ. ಡಿಎನ್‌ಎಸ್ ದಾಖಲೆಯನ್ನು ಜಾಹೀರಾತಿಗೆ ಬಳಸಬಾರದು, ಮೂರನೆಯವರಿಗೆ ಕೊಡಬಾರದು, ಕಾನೂನು ಹೇಳಿದ ಅವಧಿ ಮುಗಿದ ದಿನವೇ ಅಳಿಸಬೇಕು ಎಂದು ಬರೆಯಿಸಿ. ಇನ್ನೊಂದು ವಿಷಯದಲ್ಲಿ ಚೌಕಾಸಿಯೇ ಬೇಡ: ಫೋನಿಗೆ ರೂಟ್ ಸರ್ಟಿಫಿಕೇಟ್ ಹಾಕಿಸುವ ಯಾವ ವ್ಯವಸ್ಥೆಗೂ ಒಪ್ಪಬೇಡಿ. ಅದನ್ನು ಹಾಕಿಸಿದವರು ಮುಚ್ಚಿದ ಪುಟಗಳ ಒಳಗನ್ನೂ ಓದುವ ಸ್ಥಿತಿಗೆ ಬರುತ್ತಾರೆ.

ಕಂಪನಿಗಳು ಹೆಚ್ಚು ಗಳಿಸುವ, ಬಳಸುವವರು ಹೆಚ್ಚು ಕಳೆದುಕೊಳ್ಳುವ ಜಾಗ ಯಾವುದು ಗೊತ್ತೆ? ಯಾರನ್ನು ಎಷ್ಟು ಹೊತ್ತು ಒಳಗೆ ಬಿಡಬೇಕೆಂದು ನಿರ್ಧರಿಸುವ ರೇಡಿಯಸ್ ಸರ್ವರಿನ ಎರಡು ಅಂಕಿಗಳು: ಸೆಷನ್ ಟೈಮ್‌ಔಟ್ ಮತ್ತು ಐಡಲ್ ಟೈಮ್‌ಔಟ್. ಮೊದಲನೆಯದು ಒಟ್ಟು ಎಷ್ಟು ಹೊತ್ತು ಎಂಬುದು. ಅದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎರಡನೆಯದು ಎಷ್ಟು ಹೊತ್ತು ಸುಮ್ಮನಿದ್ದರೆ ಹೊರಹಾಕಬೇಕು ಎಂಬುದು, ಅದನ್ನು ಕೇಳುವವರಿಲ್ಲ. ಪರದೆ ಆರಿದ ಫೋನು ಬಹಳ ಕಡಿಮೆ ಮಾತಾಡುತ್ತದೆ. ಐಡಲ್ ಟೈಮ್‌ಔಟ್ 5 ನಿಮಿಷ ಇಟ್ಟರೆ, ಫೋನು ಜೇಬಿಗೆ ಹಾಕಿ ತೆಗೆದಾಗೆಲ್ಲ ಹೊಸ ಲಾಗಿನ್, ಹೊಸ ಜಾಹೀರಾತು. ಕಾಗದದ ಮೇಲೆ 'ದಿನಕ್ಕೆ ಎರಡು ಗಂಟೆ ಉಚಿತ' ಎಂದಿದ್ದರೂ ಆ ಎರಡು ಗಂಟೆಯಲ್ಲಿ ಹತ್ತಾರು ಬಾರಿ ಜಾಹೀರಾತು ನೋಡಬೇಕಾಗುತ್ತದೆ. ಒಬ್ಬರು ಕೆಲಸದ ಅರ್ಜಿ ತುಂಬುತ್ತಿದ್ದಾರೆ ಎನ್ನಿ. ಪ್ರಮಾಣಪತ್ರ ಹುಡುಕಲು ಆರು ನಿಮಿಷ ಫೋನು ಕೆಳಗಿಟ್ಟರು. ಮರಳಿ ಬಂದು 'ಸಲ್ಲಿಸಿ' ಒತ್ತಿದರೆ ಅರ್ಜಿ ಹೋಗಿ ಮುಟ್ಟುವುದಿಲ್ಲ. ಗೇಟ್‌ವೇ ಆ ಕರೆಯನ್ನು ತಡೆದಿರುತ್ತದೆ. ಹೊಸದಾಗಿ ಲಾಗಿನ್ ಆಗಿ ಪುಟ ಮತ್ತೆ ತೆರೆದಾಗ ತುಂಬಿದ ಖಾನೆಗಳೆಲ್ಲ ಖಾಲಿ. ಐಡಲ್ ಟೈಮ್‌ಔಟ್ ಕನಿಷ್ಠ 30 ನಿಮಿಷ ಇರಲಿ, ಒಮ್ಮೆ ಲಾಗಿನ್ ಆದವರಿಗೆ ಆ ದಿನವಿಡೀ ಮತ್ತೆ ಜಾಹೀರಾತು ಬರದಿರಲಿ, ಅವಧಿ ಮುಗಿಯಲು 5 ನಿಮಿಷ ಇರುವಾಗ ಎಚ್ಚರಿಕೆ ಸಿಗಲಿ.

ಜಾಲದ ಒಳಗಿನ ಕಟ್ಟೋಣದ ಬಗ್ಗೆ ಎರಡು ಮಾತು. ಬಹಳ ಕಡೆ ಮನೆಗೆ ಇಡುವಂತೆ 254 ಐಪಿ ವಿಳಾಸಗಳ (ಜಾಲದಲ್ಲಿ ಪ್ರತಿ ಫೋನಿಗೂ ಬೇಕಾದ ಸಂಖ್ಯೆ) ಒಂದೇ ಗುಂಪು ಇಟ್ಟು, ಒಂದೊಂದನ್ನೂ 24 ಗಂಟೆಗೆ ಗುತ್ತಿಗೆ ಕೊಟ್ಟಿರುತ್ತಾರೆ. ಹಾದು ಹೋಗುವ ಫೋನುಗಳೂ ತಾವಾಗಿಯೇ ಸೇರಿ ವಿಳಾಸ ಹಿಡಿದುಕೊಂಡು ಹೋಗುತ್ತವೆ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ ಖಾಲಿ, ಹೊಸಬರ ಪರದೆಯಲ್ಲಿ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂಬ ಸಾಲು ತಿರುಗುತ್ತಲೇ ಇರುತ್ತದೆ. ಜನಸಂದಣಿಯ ಜಾಗದಲ್ಲಿ 2,046 ವಿಳಾಸಗಳ ಗುಂಪು ಮಾಡಿ, ಗುತ್ತಿಗೆ ಅವಧಿ ಒಂದು ಗಂಟೆಗೆ ಇಳಿಸಿದರೆ ಈ ಕಾಟ ಹೋಗುತ್ತದೆ, ಖರ್ಚೂ ಇಲ್ಲ. ಎರಡನೆಯದು, ಪ್ರತಿ ಪ್ರಾಯೋಜಕರೂ ತಮ್ಮ ಹೆಸರಿನ ಎಸ್‌ಎಸ್‌ಐಡಿ (ಫೋನಿನಲ್ಲಿ ಕಾಣುವ ಜಾಲದ ಹೆಸರು) ಬೇಕು ಎನ್ನುತ್ತಾರೆ. ಒಂದೊಂದು ಹೆಸರೂ ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿದ್ದೇನೆ' ಎಂದು ಕೂಗುತ್ತಿರುತ್ತದೆ, ಅದೂ ಸಾಮಾನ್ಯವಾಗಿ ಅತಿ ನಿಧಾನದ ವೇಗದಲ್ಲಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಐದಾರು ಹೆಸರುಗಳು ಒಂದೇ ಚಾನೆಲ್ಲಿನಲ್ಲಿ ಕೂಗತೊಡಗಿದರೆ ಕೆಲಸದ ಮಾತಿಗೆ ಗಾಳಿಯಲ್ಲಿ ಜಾಗ ಕಡಿಮೆಯಾಗುತ್ತದೆ. ಹೆಸರು ಒಂದೇ ಇರಲಿ. ಗ್ರಾಹಕರ ಫೋನುಗಳು ಪರಸ್ಪರ ಕಾಣದಂತೆ ಕ್ಲೈಂಟ್ ಐಸೊಲೇಷನ್ ಆನ್ ಇರಲಿ. ಪಾಸ್‌ವರ್ಡ್ ಇಲ್ಲದ ಜಾಲದಲ್ಲೂ ಗಾಳಿಯ ಮೇಲಿನ ಸಂಚಾರವನ್ನು ಗೂಢಲಿಪಿಗೊಳಿಸುವ ಎನ್‌ಹಾನ್ಸ್ಡ್ ಓಪನ್ 2018ರಿಂದಲೇ ಇದೆ, ಅದನ್ನೂ ಕೇಳಿ ಪಡೆಯಿರಿ.

ಹಾಗೆಂದು ದುಡ್ಡು ಕೊಟ್ಟ ಮೊಬೈಲ್ ಡೇಟಾ ಜಾಹೀರಾತಿನಿಂದ ಪಾರು ಎಂದುಕೊಳ್ಳುವುದೂ ತಪ್ಪು. ಮೇಲೆ ಹೇಳಿದ 2.8 ಎಂಬಿಯ ವಿಡಿಯೋ ದಿನಕ್ಕೆ ಹತ್ತು ಸಲ ಆ್ಯಪ್‌ಗಳಲ್ಲಿ ಓಡಿದರೆ 30 ದಿನಕ್ಕೆ 840 ಎಂಬಿ, ಅದೂ ಗ್ರಾಹಕರ ಪ್ಯಾಕಿನಿಂದಲೇ. ಅವರು ಜಾಹೀರಾತನ್ನೂ ನೋಡುತ್ತಾರೆ, ಅದರ ಸಾಗಾಟದ ಕೂಲಿಯನ್ನೂ ಕೊಡುತ್ತಾರೆ. ಪ್ಯಾಕ್ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿದರೆ 2 ಎಂಬಿಯ ಪುಟ ತೆರೆಯಲು 250 ಸೆಕೆಂಡು, ನಾಲ್ಕು ನಿಮಿಷಕ್ಕೂ ಮಿಕ್ಕಿ. ಬಹಳಷ್ಟು ಪುಟಗಳು ಅಷ್ಟರೊಳಗೆ ಕಾದು ಸೋತು ಕೈಬಿಡುತ್ತವೆ. ಇದನ್ನು 'ಅನಿಯಮಿತ' ಎಂದು ಮಾರಲು ಬಿಡಬಾರದು. ಇಷ್ಟಾದರೂ ಮೊಬೈಲ್ ಡೇಟಾ ಕೊಡುವ ಕೆಲವನ್ನು ಗೋಡೆಗೆ ಹೊಡೆದ ವೈಫೈ ಕೊಡಲಾರದು. ನಡೆಯುತ್ತಿದ್ದಂತೆಯೇ ಒಂದು ಟವರಿನಿಂದ ಇನ್ನೊಂದಕ್ಕೆ ಕರೆ ಕಡಿಯದೆ ದಾಟುತ್ತದೆ. ಸಿಮ್ಮೇ ಗುರುತು, ಪ್ರತಿ ಸಲ ಲಾಗಿನ್ ಇಲ್ಲ. ರಾತ್ರಿ ಹನ್ನೆರಡಕ್ಕೆ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ನಿಲ್ದಾಣದ ವೈಫೈ ಎಷ್ಟು ವೇಗವಾಗಿದ್ದರೇನು? ಆದ್ದರಿಂದ ಉಚಿತ ವೈಫೈ ಬಂತೆಂದು ಡೇಟಾ ಸಹಾಯಧನ ಕಡಿಯುವುದು, ಅಗ್ಗದ ಪ್ಯಾಕ್ ನಿಲ್ಲಿಸಲು ಅನುಮತಿ ಕೊಡುವುದು, ಸರ್ಕಾರಿ ಅರ್ಜಿಗಳಿಗೆ 'ಅಲ್ಲಿ ಹೋಗಿ ಮಾಡಿಕೊಳ್ಳಿ' ಎನ್ನುವುದು, ಯಾವುದನ್ನೂ ಮಾಡಬೇಡಿ.

ಜಾಹೀರಾತಿನ ದುಡ್ಡು ಬೇಕೇ ಬೇಕು ಎಂದಾದರೆ ಜಾಹೀರಾತನ್ನು ಫೋನಿನಿಂದ ತೆಗೆದು ಕಂಬದ ಮೇಲೆ ಹಾಕಿ. ನ್ಯೂಯಾರ್ಕಿನಲ್ಲಿ 2016ರಲ್ಲಿ ಶುರುವಾದ ಲಿಂಕ್‌ಎನ್‌ವೈಸಿ ಹೀಗೆಯೇ ನಡೆಯುತ್ತದೆ: ಕಿಯಾಸ್ಕಿನ ಹೊರಮೈಯ ದೊಡ್ಡ ಪರದೆಯ ಜಾಹೀರಾತು ವೈಫೈ ಖರ್ಚನ್ನು ಹೊರಬೇಕು. ಬಳಸುವವರ ಲೈನಿನ ಮೇಲೆ ಹೊರೆಯಿಲ್ಲ. ಆದರೆ ಅಲ್ಲೂ ಕಿಯಾಸ್ಕ್‌ಗಳು ಹೆಚ್ಚಾಗಿ ಮ್ಯಾನ್‌ಹ್ಯಾಟನ್‌ನಲ್ಲೇ ಎದ್ದವು, ಏಕೆಂದರೆ ಪರದೆಗೆ ಬೆಲೆ ಇರುವುದು ಅಲ್ಲಿ. ಆದಾಯ ಬರುವ ಒಂದು ಜಾಗಕ್ಕೆ ಆದಾಯ ಬರದ ಒಂದು ಜಾಗ ಎಂದು ಜೋಡಿಸಿಯೇ ಗುತ್ತಿಗೆ ಕೊಡಿ, ಎರಡನೆಯದು ಚಾಲೂ ಆಗದೆ ಮೊದಲನೆಯದರ ಪರದೆ ಹೊತ್ತಿಸಲು ಬಿಡಬೇಡಿ.

ಕೆಲಸ ಮುಗಿಯಿತು ಎಂದು ಕಂಪನಿ ಹೇಳಿದಾಗ ಪರೀಕ್ಷೆ ನೀವೇ ಮಾಡಿಸಿ, ಜನ ಹೆಚ್ಚಿರುವ ಹೊತ್ತಿನಲ್ಲಿ. 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುವ ಹಳೆಯ ಫೋನು ತೆಗೆದುಕೊಳ್ಳಿ, ಮೊಬೈಲ್ ಡೇಟಾ ಆಫ್ ಮಾಡಿ. ಹೆಸರು ಒತ್ತಿದ ಕ್ಷಣದಿಂದ ಮೊದಲ ಉಪಯುಕ್ತ ಪುಟ ಕಾಣುವವರೆಗೆ ಸೆಕೆಂಡು ಎಣಿಸಿ. 20 ದಾಟಿದರೆ ಒಪ್ಪಬೇಡಿ. ಜನ ಕೂರುವ ಪ್ರತಿ ಮೂಲೆಯಲ್ಲೂ ಸಿಗ್ನಲ್ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಚೆನ್ನ) ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಆಮೇಲೆ ಗೇಟ್‌ವೇಗೆ ಒಂದು ಪಿಂಗ್ (ಉತ್ತರ ಬರಲು ಎಷ್ಟು ಹೊತ್ತು ಎಂದು ಅಳೆಯುವ ಸಣ್ಣ ಕರೆ), ಹೊರಗಿನ ಒಂದು ಸರ್ವರ್‌ಗೆ ಇನ್ನೊಂದು. ಗೇಟ್‌ವೇ ಉತ್ತರ 10 ಮಿಲಿಸೆಕೆಂಡಿನೊಳಗೆ ಸ್ಥಿರವಾಗಿದ್ದು ಹೊರಗಿನದು 300ಕ್ಕೆ ಏರಿದರೆ ಸಾಮಾನ್ಯವಾಗಿ ಹೊರಗಿನ ಲೈನು ಸಾಲದು. ಗೇಟ್‌ವೇ ಉತ್ತರವೇ ಏರಿಳಿಯುತ್ತಿದ್ದರೆ ಲೈನು ದೊಡ್ಡದು ಮಾಡಿ ಪ್ರಯೋಜನವಿಲ್ಲ, ತೊಂದರೆ ಗಾಳಿಯಲ್ಲಿದೆ. ಆ್ಯಕ್ಸೆಸ್ ಪಾಯಿಂಟ್‌ಗಳ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆಗಳ) ಚಾನೆಲ್, ಶಕ್ತಿ, ಸಂಖ್ಯೆ ನೋಡಬೇಕು. ಕೊನೆಗೆ ಜಾಹೀರಾತು ಸರ್ವರಿನ ಸಂಪರ್ಕ ತಪ್ಪಿಸಿ ನೋಡಿ. ಜಾಹೀರಾತು ಬರದಿದ್ದರೂ ಜನ ಒಳಗೆ ಹೋಗಬೇಕು. ಬಹಳ ಕಡೆ ಹೋಗಲಾಗುವುದಿಲ್ಲ. ಜಾಹೀರಾತು ಸತ್ತರೆ ವೈಫೈಯೂ ಸತ್ತಂತೆ ಕಟ್ಟಿರುತ್ತಾರೆ.

ನಿಯಂತ್ರಕರಲ್ಲಿ ಮೂರು ಕೋರಿಕೆ. 'ಉಚಿತ' ಎಂದು ಕರೆಯುವ ಯಾವುದೇ ಸೇವೆ ದಿನಕ್ಕೆ ಎಷ್ಟು ಜಾಹೀರಾತು, ಯಾವ ಮಾಹಿತಿ, ಎಷ್ಟು ವೇಗ ಎಂಬುದನ್ನು ಲಾಗಿನ್ ಪುಟದಲ್ಲೇ ಬಳಕೆದಾರರ ಭಾಷೆಯಲ್ಲಿ ಹೇಳುವಂತೆ ಮಾಡಿ. ವ್ಯಾಲಿಡಿಟಿ ಮುಗಿದ ಸಿಮ್‌ಗೂ ಓಟಿಪಿ ಎಸ್‌ಎಂಎಸ್ ಬರುತ್ತಿರಲಿ. ಮತ್ತು ಜಾಹೀರಾತುದಾರರ ತಾಣಗಳಿಗಷ್ಟೇ ಉಚಿತ, ಉಳಿದದ್ದಕ್ಕೆ ದುಡ್ಡು ಎನ್ನುವ ವ್ಯವಸ್ಥೆಯನ್ನು ವೈಫೈ ಹೆಸರಿನಲ್ಲಿ ಹಿತ್ತಿಲ ಬಾಗಿಲಿನಿಂದ ಬರಗೊಡಬೇಡಿ. ಮೊಬೈಲ್ ಡೇಟಾದಲ್ಲಿ ತಾಣಕ್ಕೊಂದು ದರವನ್ನು ಭಾರತದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2016ರ ಫೆಬ್ರವರಿಯಲ್ಲೇ ನಿಷೇಧಿಸಿತು. ಆಯ್ದ ಆ್ಯಪ್‌ಗಳನ್ನು ಲೆಕ್ಕಕ್ಕೆ ಹಿಡಿಯದ ಶೂನ್ಯ ದರದ ಆಯ್ಕೆಗಳು ಮುಕ್ತ ಅಂತರ್ಜಾಲದ ನಿಯಮಕ್ಕೆ ಹೊಂದುವುದಿಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ಹೇಳಿತು. ಅದೇ ನಿಯಮ ಸಾರ್ವಜನಿಕ ವೈಫೈಗೂ ಅನ್ವಯಿಸಲಿ.

ಇಂತಿ,
ಸಾರ್ವಜನಿಕ ವೈರ್‌ಲೆಸ್ ಜಾಲಗಳನ್ನು ಕಟ್ಟಿ ನಿಭಾಯಿಸುವ ತಂತ್ರಜ್ಞರು